ಸೊಸೆಯ ಪಾಠ, ಮಾವನ ಬಾಯಿ

ನನ್ನ ಸೊಸೆ ಮೇಡಂ ಹೌದೋ ಅಲ್ಲವೋ? ಈ ಸಣ್ಣ ಪ್ರಶ್ನೆಗೆ ನಮ್ಮ ರಾಜ್ಯದ ಶಿಕ್ಷಕರ ಮಂಡಳಿಯವರು ಕೊಟ್ಟ ಉತ್ತರ ಕೇಳಿದರೆ ಕಲ್ಲಿಗೂ ನಗು ಬಂದೀತು. ಪಕ್ಕದ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಎಂಟು ವರ್ಷ ಲೆಕ್ಕ ಹೇಳಿಕೊಟ್ಟವಳು ಅವಳು. ಅಲ್ಲಿ ಮಕ್ಕಳು, ಮಕ್ಕಳ ಅಪ್ಪಂದಿರು, ಗಂಟೆ ಬಾರಿಸುವವನು, ಎಲ್ಲರೂ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು. ನನ್ನ ಮಗನನ್ನು ಮದುವೆಯಾಗಿ, ಟ್ರಂಕು ಹಿಡಿದುಕೊಂಡು ಬಸ್ಸು ಹತ್ತಿ ಈಚೆಗೆ ಬಂದಳು ನೋಡಿ, ಆ ಮೇಡಂತನ ಗಡಿಯ ಗೇಟಿನಲ್ಲೇ ಉದುರಿಹೋಯಿತಂತೆ! ಆ ರಾಜ್ಯದ ಪ್ರಮಾಣಪತ್ರ ಈ ರಾಜ್ಯದಲ್ಲಿ ನಡೆಯುವುದಿಲ್ಲ, ಇಲ್ಲಿಯದನ್ನು ಹೊಸದಾಗಿ ಪಡೆಯತಕ್ಕದ್ದು ಎಂದು ಮಂಡಳಿಯವರು ಅಪ್ಪಣೆ ಕೊಡಿಸಿದರು.

"ಎರಡೂ ಎರಡೂ ಅಲ್ಲಿ ನಾಲ್ಕು, ಇಲ್ಲಿಗೆ ಬಂದ್ರೆ ಐದಾಗುತ್ತೇನು?" ಎಂದು ನಾನು ಅಡುಗೆಮನೆಯ ಮೇಜು ಗುದ್ದಿ ಗುಡುಗಿದೆ.

"ಮೆಲ್ಲಗೆ ಅನ್ನಿ. ಅದು ಮಂಡಳಿಗೆ ಕೇಳಿಸಲ್ಲ, ಪಕ್ಕದ ಮನೆಗೆ ಕೇಳಿಸುತ್ತೆ" ಎಂದಳು ನನ್ನವಳು, ಚಹಾದ ಲೋಟವನ್ನು ನನ್ನ ಮುಷ್ಟಿಯಿಂದ ದೂರ ಸರಿಸುತ್ತ.

ಸರ್ಟಿಫಿಕೇಟು ಎಂಬ ಪದಾರ್ಥಕ್ಕೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ನಾನು ಶಾಲೆಯ ಒಳಗೆ ಕಾಲಿಟ್ಟಿದ್ದೇ ಶಾಲೆಗೆ ಬೇಲಿ ಹಾಕಲಿಕ್ಕೆ. ಅಕ್ಷರ ಕಲಿತದ್ದು ಅಂಗಡಿ ಬೋರ್ಡುಗಳಿಂದ, ಸಿಮೆಂಟು ಚೀಲಗಳಿಂದ, ಪೊಟ್ಟಣ ಕಟ್ಟಿಕೊಟ್ಟ ಹಳೇ ಪೇಪರಿನಿಂದ. (ಅದಕ್ಕೇ ಜಗತ್ತಿನ ಬಹಳಷ್ಟು ಸುದ್ದಿ ನನಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧ ಬೇರೆ ಯಾರದೋ ಪೊಟ್ಟಣದಲ್ಲಿ ಹೋಗಿರುತ್ತಿತ್ತು.) ಲೆಕ್ಕವನ್ನು ಕಲಿಸಿದ್ದು ತಂತಿ ಮತ್ತು ಕಂಬ. ನಲವತ್ತು ವರ್ಷ ತಂತಿ ಬೇಲಿ ಎಳೆದಿದ್ದೇನೆ. ಕಾರ್ಖಾನೆ, ಆಸ್ಪತ್ರೆ, ಆಟದ ಮೈದಾನ, ಈ ಪಟ್ಟಣದಲ್ಲಿ ನೀವು ಎಲ್ಲಿ ನುಗ್ಗಲು ಹೋದರೂ ನಿಮ್ಮ ಅಂಗಿ ಹರಿಯುವುದು ನನ್ನ ಕೈಕೆಲಸದಿಂದಲೇ. ಬೇಲಿ ಮೇಸ್ತ್ರಿ ಎಂದರೆ ಇಂದಿಗೂ ಜನ ದಾರಿ ಬಿಡುತ್ತಾರೆ. ಯಾರು ಏನು ಕೇಳಿದರೂ ನನ್ನ ಬಳಿ ಉತ್ತರ ಸಿದ್ಧ. ಹಲ್ಲುನೋವಿಗೆ ಏನು ಮಾಡಬೇಕು, ಚಂದ್ರ ಯಾಕೆ ಸವೆಯುತ್ತಾನೆ, ಮಗಳಿಗೆ ಎಂಥ ಗಂಡು ನೋಡಬೇಕು, ಯಾವುದನ್ನೂ ನಾನು ಯೋಚನೆ ಮಾಡಿ ಹೇಳಿದವನಲ್ಲ.

ಇಂಥ ಮಾವನಿರುವ ಮನೆಗೆ ಬಂದದ್ದು ತನ್ನ ಭಾಗ್ಯವೆಂದು ಸೊಸೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ನಾಚಿಕೆಯ ಸ್ವಭಾವ, ಪಾಪ.

ಹುಡುಗಿ ಮಾತ್ರ ಗಟ್ಟಿ. ಮಂಡಳಿಯ ಲಿಖಿತ ಪರೀಕ್ಷೆಯನ್ನು ಒಂದೇ ಏಟಿಗೆ ಮುಗಿಸಿದಳು. ಅಷ್ಟರ ಮೇಲೆ ನಮ್ಮ ಬೀದಿಯ ಕೊನೆಯ ಸರ್ಕಾರಿ ಶಾಲೆಯಲ್ಲಿ ತಾತ್ಕಾಲಿಕವಾಗಿ ಪಾಠ ಮಾಡಲು ಅಪ್ಪಣೆ ಸಿಕ್ಕಿತು. ಆದರೆ ಆ ಅಪ್ಪಣೆಗೆ ಈ ಶಾಲಾ ಅವಧಿಯ ಕೊನೆಯವರೆಗೆ ಮಾತ್ರ ಆಯುಸ್ಸು. ಅಷ್ಟರೊಳಗೆ ಒಂದು ಪಾಠವನ್ನು ಶುರುವಿನಿಂದ ಕೊನೆಯವರೆಗೆ, ಎಲ್ಲೂ ಕತ್ತರಿಸದೆ, ಫೋನಿನಲ್ಲಿ ಚಿತ್ರೀಕರಿಸಿ ಮಂಡಳಿಗೆ ಕಳಿಸಬೇಕು. ಅವರು ನೋಡಿ ತಲೆದೂಗಿದರೆ ಪ್ರಮಾಣಪತ್ರ. ಇಲ್ಲವಾದರೆ ಅವಳ ತರಗತಿ ಇನ್ನೊಬ್ಬರ ಪಾಲು.

"ತರಗತಿ ಬಿಟ್ಟುಕೊಡೋಕೆ ನನ್ನ ಕೈಲಾಗಲ್ಲ ಅತ್ತೆ" ಎಂದು ಒಂದು ಸಂಜೆ ಅವಳು ನನ್ನವಳ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಬಂದ ಹೊಸದರಲ್ಲಿ ಭಾಗಾಕಾರ ಅಂದ್ರೆ ಬೆಂಚಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕ್ತಾ ಇದ್ದ ಮಕ್ಕಳು ಅವು. ಈಗ ತಾವಾಗಿ ಎದ್ದು ಬೋರ್ಡಿಗೆ ಬರ್ತಾವೆ."

ಅಂದೇ ನಾನು ಸಂಕಲ್ಪ ಮಾಡಿದೆ. ಈ ಸೊಸೆಯನ್ನು ಈ ರಾಜ್ಯದಲ್ಲಿ ಮೇಡಂ ಮಾಡಿಯೇ ತೀರಬೇಕು!

ರಾತ್ರಿಯೂಟಕ್ಕೆ ಮೊದಲು ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಫ್ರಿಜ್ಜಿನ ಬಾಗಿಲು ಬೋರ್ಡು. ವಿದ್ಯಾರ್ಥಿಗಳು ಮೂವರು: ನಾನು, ನನ್ನವಳು, ಮತ್ತು ಬಸ್ಸು ಓಡಿಸಿ ದಣಿದು ಬಂದು ಕೂತಲ್ಲೇ ತೂಕಡಿಸುವ ನನ್ನ ಮಗ. ಸೊಸೆ ಪ್ರಶ್ನೆ ಕೇಳುತ್ತಾಳೆ. ಕೇಳಿ ಸುಮ್ಮನೆ ನಿಲ್ಲುತ್ತಾಳೆ. ಏನೂ ಹೇಳುವುದಿಲ್ಲ, ಸುಳಿವು ಕೊಡುವುದಿಲ್ಲ, ದೀರ್ಘವಾಗಿ ಉಸಿರೆಳೆದು ಬಿಡುತ್ತ ಎಲ್ಲರ ಮುಖವನ್ನೂ ನಗುನಗುತ್ತ ನೋಡುತ್ತಾಳೆ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ನಾಲಿಗೆ ತಾನಾಗಿ ಹೊರಳಿತು.

"ಅರ್ಧದಲ್ಲಿ ಅರ್ಧ ಅಂದ್ರೆ ಕಾಲು!"

"ಮಾವಾ," ಎಂದಳು ಸೊಸೆ, "ನೀವು ತಕ್ಷಣ ಹೇಳಿಬಿಟ್ರೆ ಬೇರೆಯವರು ಯೋಚನೆ ಮಾಡೋದು ಯಾವಾಗ? ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಆ ಮೌನದಲ್ಲೇ ಮಕ್ಕಳ ತಲೆ ಓಡೋದು. ಮಂಡಳಿಯವರು ಮೊದಲು ನೋಡೋದೇ ಅದನ್ನ."

"ಯೋಚನೆ ಮಾಡೋಕೆ ಇಲ್ಲಿ ಯಾರಿದ್ದಾರಮ್ಮ? ಇವನು ಮಲಗಿದಾನೆ. ಇವಳು..."

"ಇವಳು ಏನು?" ಎಂದಳು ನನ್ನವಳು, ಸೌಟು ಹಿಡಿದು ತಿರುಗಿ.

"ಇವಳಿಗೆ ಎಲ್ಲಾ ಗೊತ್ತಿದೆ ಅಂದೆ."

ಪ್ರತಿ ಸಂಜೆಯೂ ಇದೇ ಪಾಡು. ಮೌನವೆಂದರೆ ಸಡಿಲವಾದ ತಂತಿಯಂತೆ ಕಾಣುತ್ತದೆ ನನ್ನ ಕಣ್ಣಿಗೆ. ಕಂಡ ಕೂಡಲೇ ಎಳೆದು ಬಿಗಿ ಮಾಡದಿದ್ದರೆ ಕೈ ಸುಮ್ಮನಿರುವುದಿಲ್ಲ. ಕೊನೆಗೆ ನನ್ನವಳು ಪಾಠದ ಹೊತ್ತಿನಲ್ಲಿ ನನ್ನ ಬಾಯಿಗೆ ಒಂದು ದೊಡ್ಡ ತುಂಡು ಬ್ರೆಡ್ಡು ತುರುಕುವ ಪದ್ಧತಿ ಜಾರಿಗೆ ತಂದಳು. ಬ್ರೆಡ್ಡಿನೊಳಗಿಂದಲೂ ನಾನು ಉತ್ತರ ಹೇಳುತ್ತಿದ್ದೆ. ಒಂದೂ ತಪ್ಪಿರುತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಚಿತ್ರೀಕರಣಕ್ಕೆ ಶಾಲೆಯ ಇನ್ನೊಬ್ಬ ಮೇಡಂ ಒಪ್ಪಿಕೊಂಡಿದ್ದರು. ಆದರೆ ಕೆಮ್ಮು, ನೆಗಡಿ, ಮಗುವಿಗೆ ಜ್ವರ ಎಂದು ದಿನ ಮುಂದೆ ಮುಂದೆ ಹೋಗಿ, ಕೊನೆಗೆ ಅವಧಿಯ ಕಟ್ಟಕಡೆಯ ದಿನ ಬಂದು ನಿಂತಿತು. ಮಧ್ಯಾಹ್ನ ಶಾಲೆಗೆ ಬೀಗ, ಮಕ್ಕಳಿಗೆ ರಜೆ. ಸಂಜೆಯೊಳಗೆ ಪಾಠ ಮಂಡಳಿಗೆ ತಲುಪಬೇಕು. ಅಂದು ಬೆಳಿಗ್ಗೆ ಆ ಮೇಡಂ ಹಾಸಿಗೆ ಹಿಡಿದ ಸುದ್ದಿ ಬಂತು. ಮಗ ಆಗಲೇ ಬಸ್ಸು ಓಡಿಸಲು ಹೋಗಿದ್ದ. ನನ್ನವಳು ಫೋನು ಹಿಡಿದರೆ ಚಿತ್ರದಲ್ಲಿ ಬರುವುದು ಅವಳ ಹೆಬ್ಬೆರಳೊಂದೇ.

ಸೊಸೆ ನನ್ನ ಕಡೆ ನೋಡಿದಳು. ಮುಳುಗುವವರು ಹುಲ್ಲುಕಡ್ಡಿಯನ್ನು ನೋಡುವ ನೋಟ ಅದು.

"ನನ್ನ ಕೈ ನೋಡಮ್ಮ," ಎಂದು ಎರಡೂ ಕೈ ಚಾಚಿದೆ. "ಕಂಬದಿಂದ ಕಂಬಕ್ಕೆ ತಂತಿ ಎಳೆದ ಕೈ. ಕೂದಲೆಳೆಯಷ್ಟೂ ಅಲುಗಲ್ಲ."

"ಕೈ ಅಲುಗಲ್ಲ, ಒಪ್ಪಿದೆ," ಎಂದಳು ನನ್ನವಳು. "ನಾಲಿಗೆ?"

"ಲೇ, ನಾನೇನು ಚಿಕ್ಕ ಮಗುವೇನೆ?"

"ಚಿಕ್ಕ ಮಗು ಹೇಳಿದ ಮಾತು ಕೇಳುತ್ತೆ ಕಣ್ರೀ."

ದಾರಿಯುದ್ದಕ್ಕೂ ಸೊಸೆ ಒಂದೇ ಮಾತು ಹೇಳುತ್ತ ಬಂದಳು. "ಮಾವಾ, ಪಾಠದಲ್ಲಿ ನಾನು ಮತ್ತು ಮಕ್ಕಳು ಮಾತ್ರ ಮಾತಾಡಬೇಕು. ದೊಡ್ಡವರು ಯಾರಾದ್ರೂ ಮಕ್ಕಳಿಗೆ ಉತ್ತರ ಹೇಳಿಕೊಟ್ಟು ನೆರವಾದ್ರೆ ಪಾಠವೇ ರದ್ದು. ಅದು ಮಂಡಳಿಯ ನಿಯಮ. ಇನ್ನೊಂದು ಸಲ ತೆಗೆಯೋಕೆ ಹೊತ್ತಿಲ್ಲ. ನೀವು ಉಸಿರಾಡಿದ್ರೂ ಮೂಗಲ್ಲೇ ಆಡಿ."

"ನಾನು ಗೋಡೆ ಅಂತ ತಿಳ್ಕೋ. ಗೋಡೆ ಮಾತಾಡುತ್ತೇನು?" ಎಂದು ಅಭಯ ಕೊಟ್ಟೆ.

ತರಗತಿ ಚೊಕ್ಕಟವಾಗಿತ್ತು. ಗೋಡೆಯ ತುಂಬ ಮಕ್ಕಳು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಚೌಕ, ತ್ರಿಕೋನ. ಬೆಂಚುಗಳನ್ನು ಗೋಡೆಗೆ ತಳ್ಳಿ ನಡುವೆ ಜಾಗ ಬಿಟ್ಟಿದ್ದರು. ಹಿಂದಿನ ಮೂಲೆಯಲ್ಲಿ ನಾನು ನಿಂತೆ, ಇಸ್ತ್ರಿ ಮಾಡಿದ ಕೋಟು ತೊಟ್ಟು, ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು. ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ ತಿರುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಹುಬ್ಬು ಗಂಟಿಕ್ಕಿ, ಗೋಡೆಯನ್ನು ಯಾರೂ ಹೀಗೆ ನೋಡಬಾರದು ಎಂದು ಕಣ್ಣಲ್ಲೇ ತಿಳಿಸಿದೆ.

ಪಾಠ ಶುರುವಾಯಿತು. ಸೊಸೆ ಒಂದು ಉದ್ದನೆಯ ಹಗ್ಗ ತಂದಳು. ಎರಡು ತುದಿ ಸೇರಿಸಿ ಗಂಟು ಹಾಕಿದಳು. ನಾಲ್ಕು ಮಕ್ಕಳು ನಾಲ್ಕು ಮೂಲೆ ಹಿಡಿದು ಎಳೆದಾಗ ಅದು ನೆಲದ ಮೇಲೆ ಒಂದು ಒಳ್ಳೆಯ ಚೌಕವಾಯಿತು. ಉಳಿದ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ನಿಲ್ಲಿಸಿದಳು. ಚೌಕ ತುಂಬಿತು. ಆಹಾ, ಇದು ನನ್ನ ವಿದ್ಯೆ! ಹಗ್ಗ ಎಂದರೆ ಬೇಲಿ, ಒಳಗಿನ ಮಕ್ಕಳೆಂದರೆ ತೋಟ. ಎದೆ ಅರಳಿತು. ಫೋನು ಕೂಡ ಎದೆಯ ಜೊತೆ ಸ್ವಲ್ಪ ಮೇಲೆದ್ದಿರಬೇಕು.

"ಈಗ ನೋಡಿ," ಎಂದಳು ಸೊಸೆ. "ಇದೇ ಹಗ್ಗ. ನಾನು ಕತ್ತರಿಸಲ್ಲ, ಸೇರಿಸಲ್ಲ. ಈ ಚೌಕವನ್ನ ಉದ್ದಕ್ಕೆ, ಸಪೂರಕ್ಕೆ ಎಳೀತೀನಿ. ಆಗ ಒಳಗೆ ಈಗಿನಷ್ಟೇ ಜನ ನಿಲ್ಲಬಹುದಾ? ಜಾಸ್ತಿ ಜನಾನಾ? ಕಡಿಮೆನಾ?"

ಕೇಳಿದವಳೇ ಬಾಯಿ ಮುಚ್ಚಿ ನಿಂತಳು. ಉಸಿರೆಳೆದಳು, ಬಿಟ್ಟಳು. ಮಕ್ಕಳು ಹಗ್ಗ ನೋಡಿದರು, ಸೂರು ನೋಡಿದರು. ಒಬ್ಬ ಉಗುರು ಕಚ್ಚಿದ. ಸೊಸೆ ಮತ್ತೆ ಉಸಿರೆಳೆದಳು. ಅಯ್ಯೋ, ಎಂಥ ಮೌನವಪ್ಪಾ ಅದು! ನನ್ನ ನಾಲಿಗೆ ಹಲ್ಲಿನ ಬಾಗಿಲನ್ನು ತಟ್ಟಿತು. ತುಟಿ ಕಚ್ಚಿದೆ. ಹಲ್ಲು ಕಡಿದೆ. ಕಾಲಿನ ಹೆಬ್ಬೆರಳನ್ನು ಬೂಟಿನೊಳಗೇ ಮಡಚಿದೆ. ಇಷ್ಟು ಸುಲಭದ ಪ್ರಶ್ನೆಗೆ ಒಂದು ಪಿಳ್ಳೆಯೂ ಬಾಯಿ ಬಿಡುತ್ತಿಲ್ಲವಲ್ಲ, ಮಂಡಳಿಯವರು ನೋಡಿ ನನ್ನ ಸೊಸೆಗೆ ಪಾಠ ಬರುವುದಿಲ್ಲ ಅಂದುಕೊಂಡಾರಲ್ಲ ಎನ್ನಿಸಿತು. ಆಮೇಲೆ ಏನಾಯಿತೋ ನನಗೆ ತಿಳಿಯದು. ತರಗತಿಯಲ್ಲಿ ಒಂದು ಗಂಡುದನಿ ಮೊಳಗಿತು.

"ಅಷ್ಟೇ! ಹಗ್ಗ ಅಷ್ಟೇ ಆದ್ಮೇಲೆ ಜಾಗಾನೂ ಅಷ್ಟೇ! ಇಷ್ಟು ವರ್ಷ ಬೇಲಿ ಹಾಕಿದೀನಿ, ನಂಗೊತ್ತಿಲ್ವಾ?"

ಇಡೀ ತರಗತಿ ನನ್ನ ಕಡೆ ತಿರುಗಿತು. ಸೊಸೆಯ ಮುಖದ ರಕ್ತ ಇಳಿದು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಆ ಬಿಳಿಚಿದ ಮುಖವನ್ನು ನಾನು ಫೋನಿನ ಪರದೆಯ ಮೇಲೆ, ಕೂದಲೆಳೆಯಷ್ಟೂ ಅಲುಗಿಸದೆ, ಸ್ಪಷ್ಟವಾಗಿ ಹಿಡಿದಿದ್ದೆ.

"ತಾತಾ," ಎಂದಳು ಹಲ್ಲು ಬಿದ್ದ ಹುಡುಗಿ, "ನೀವು ಕೈ ಎತ್ಲೇ ಇಲ್ಲ!"

ಮಕ್ಕಳೆಲ್ಲ ಗೊಳ್ಳೆಂದರು. ಸೊಸೆ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು. ಈಗ ನನಗೆ ಕಾದಿದೆ ಪೂಜೆ ಎಂದುಕೊಂಡೆ. ಅವಳು ದನಿ ಏರಿಸಲೇ ಇಲ್ಲ.

"ಒಬ್ಬರು ಒಂದು ಉತ್ತರ ಹೇಳಿದ್ದಾರೆ. ಅವರಿಗೆ ಕೈ ಎತ್ತೋದು ಇನ್ನೂ ಅಭ್ಯಾಸ ಆಗಿಲ್ಲ, ಆಗುತ್ತೆ. ಹಗ್ಗ ಅಷ್ಟೇ ಇದ್ರೆ ಜಾಗಾನೂ ಅಷ್ಟೇ ಅಂತ ಅವರ ಮಾತು. ಸರಿನೋ ತಪ್ಪೋ ನಾನು ಹೇಳಲ್ಲ. ಇದನ್ನ ಯಾರು ಒಪ್ತೀರಿ?"

ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದವು. ನನ್ನ ಕೋಟಿಗೆ ಇರುವ ಮರ್ಯಾದೆ ಅಂಥದು.

"ಹಾಗಾದ್ರೆ ಪರೀಕ್ಷೆ ಮಾಡೋಣ. ಎಳೀರಿ."

ನಾಲ್ಕು ಮಕ್ಕಳು ಎಳೆದರು. ಚೌಕ ಉದ್ದವಾಯಿತು, ಸಪೂರವಾಯಿತು. ಒಳಗಿದ್ದವರು ಒತ್ತಿಕೊಂಡರು, ಕಿಸಿಕಿಸಿ ನಕ್ಕರು, ಒಬ್ಬ ಹಗ್ಗದಾಚೆ ಬಿದ್ದ, ಇನ್ನೊಬ್ಬಳು ನುಸುಳಿ ಹೊರಬಂದಳು. ನೋಡನೋಡುತ್ತಿದ್ದಂತೆ ತೋಟ ಅರ್ಧ ಖಾಲಿ. ನನ್ನ ಬಾಯಿ ಒಮ್ಮೆ ತೆರೆದುಕೊಂಡ ಮೇಲೆ ಮುಚ್ಚುವ ಜಾತಿಯದಲ್ಲ.

"ಮಕ್ಕಳು ಸರಿಯಾಗಿ ನಿಂತಿಲ್ಲಮ್ಮ! ದೂರ ದೂರ ನಿಂತಿದಾರೆ!"

"ಹಾಗಂತೀರಾ?" ಎಂದಳು ಸೊಸೆ. "ಹಾಗಾದ್ರೆ ನೀವೇ ಬಂದು ನಿಂತು ತೋರಿಸಿ."

ಹೋದೆ. ಫೋನು ಕೈಯಲ್ಲಿ ಹಿಡಿದೇ ಹೋಗಿ ಹಗ್ಗದ ನಡುವೆ ನಿಂತೆ. ಮಕ್ಕಳಿಗೆ ಇಂಥ ಹಬ್ಬ ಯಾವಾಗ ಸಿಕ್ಕೀತು? "ಎಳೀರೋ" ಎಂದು ಎರಡು ಕಡೆ ಜಗ್ಗಿದರು. ಹಗ್ಗ ನನ್ನ ಹೊಟ್ಟೆಗೆ ಬಂತು, ಬೆನ್ನಿಗೆ ಬಂತು, ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು. ಮಂಡಳಿಯ ಘನ ಸದಸ್ಯರು ಸಾಕಷ್ಟು ಹೊತ್ತು ನನ್ನ ಗುಂಡಿಯನ್ನೇ ನೋಡಬೇಕಾಯಿತು ಎಂದು ಆಮೇಲೆ ತಿಳಿಯಿತು.

"ತಾತಾ, ಈಗ್ಲೂ ಜಾಗ ಅಷ್ಟೇ ಇದೆಯಾ?" ಎಂದಳು ಹಲ್ಲು ಬಿದ್ದ ಹುಡುಗಿ, ಬಹಳ ವಿನಯದಿಂದ.

"ಬಿಡ್ರೋ, ಬಿಡ್ರೋ! ಕಡಿಮೆ! ಕಡಿಮೆ ಅಂತ ಒಪ್ಕೊಂಡೆ!"

"ಒಪ್ಪಿಕೊಂಡ್ರೆ ಸಾಲದು," ಎಂದಳು ನನ್ನ ಸೊಸೆ ಎಂಬ ಆ ನಿರ್ದಯಿ. "ಯಾಕೆ ಕಡಿಮೆ ಆಯ್ತು? ಎಲ್ಲರೂ ಯೋಚನೆ ಮಾಡಿ." ಮತ್ತೆ ಉಸಿರೆಳೆದು ಬಿಡುತ್ತ ನಿಂತಳು. ಈ ಸಲ ಹಗ್ಗದೊಳಗೆ ನನಗೆ ಮಾತಾಡಲು ಉಸಿರಿರಲಿಲ್ಲ. ಮಕ್ಕಳು ಯೋಚಿಸಿದರು. ಆಮೇಲೆ ಒಂದು, ಎರಡು, ಹತ್ತು ಕೈಗಳು ಎದ್ದವು. ಉದ್ದ ಜಾಸ್ತಿ ಆದಷ್ಟೂ ಅಗಲ ಕಡಿಮೆಯಾಗುತ್ತದೆ, ಪೂರ್ತಿ ಎಳೆದರೆ ಹಗ್ಗದ ಎರಡು ಬದಿ ಅಂಟಿಕೊಂಡು ಒಳಗೆ ಇರುವೆಗೂ ಜಾಗ ಉಳಿಯುವುದಿಲ್ಲ, ಸುತ್ತಳತೆ ಬೇರೆ, ಒಳಗಿನ ಜಾಗ ಬೇರೆ ಎಂದು ಮಕ್ಕಳೇ ಒಬ್ಬರ ಮಾತಿಗೆ ಒಬ್ಬರು ಜೋಡಿಸಿ ಹೇಳಿದರು. ಗಂಟೆ ಹೊಡೆಯಿತು. ಶಾಲೆ ಬಿಟ್ಟಿತು.

ಮನೆಯ ತನಕ ಸೊಸೆ ನನ್ನ ಪಕ್ಕದಲ್ಲೇ ನಡೆದಳು. ಒಂದೇ ಒಂದು ಮಾತಾಡಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಮನೆ ಬಾಗಿಲಲ್ಲಿ ನಿಂತು, "ಬೇರೆ ಪಾಠ ಇಲ್ಲ. ಇದನ್ನೇ ಕಳಿಸ್ತೀನಿ ಮಾವ" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಅಂಗಳದಲ್ಲೇ ನಿಂತು ನನ್ನದೇ ಬೇಲಿಯನ್ನು ನೋಡುತ್ತಿದ್ದೆ. ಅದೂ ನನ್ನ ಕಡೆ ಮುಳ್ಳು ಮಾಡಿಕೊಂಡೇ ನಿಂತಿತ್ತು.

ವಿಷಯ ತಿಳಿದ ನನ್ನವಳು ಸೊಂಟಕ್ಕೆ ಕೈಯಿಟ್ಟು ಬಂದಳು.

"ಹೋಗಲಿ, ಬಾಯಿ ಬಿಟ್ರಿ. ಬಿಟ್ಟ ಮೇಲೆ ಸರಿಯಾದ್ದನ್ನಾದ್ರೂ ಹೇಳಬಾರದಾ?"

ಇಲ್ಲಿ ನಾನು ಒಂದು ಸಣ್ಣ ಸುಳ್ಳು ಹೇಳಿದೆ. ಗಂಡಸಿನ ಮಾನದ ಪ್ರಶ್ನೆ, ನೀವು ಅರ್ಥ ಮಾಡಿಕೊಳ್ಳುತ್ತೀರಿ.

"ಅದು... ಬೇಕಂತಲೇ ತಪ್ಪು ಹೇಳಿದ್ದು ಕಣೇ. ಮಕ್ಕಳು ಎಚ್ಚರವಾಗಿದಾರಾ ಇಲ್ವಾ ಅಂತ ಪರೀಕ್ಷೆ ಮಾಡೋಕೆ."

"ಓಹೋ! ಹಾಗಾದ್ರೆ ಹಿತ್ತಲಲ್ಲಿ ಉಳಿದ ತಂತೀಲಿ ಕೋಳಿಗಳಿಗೆ ಓಣಿ ಥರ ಒಂದು ಗೂಡು ಕಟ್ಟಿದ್ರಲ್ಲ, ಕೋಳಿಗಳು ತಿರುಗೋಕೆ ಆಗದೆ ಹಿಂದೆ ಹಿಂದೆ ನಡೆದು ಹೊರಗೆ ಬರ್ತಾ ಇದ್ವಲ್ಲ, ಅದೂ ಕೋಳಿಗಳ ಪರೀಕ್ಷೆನಾ?"

ನಾನು ಪೇಪರು ಬಿಡಿಸಿ ಮುಖದ ಮುಂದೆ ಹಿಡಿದೆ. ಅಂದು ರಾತ್ರಿಯೂಟದ ಹೊತ್ತಿಗೆ ಆ ಸುಳ್ಳನ್ನು ಮಗನಿಗೂ ಹೇಳಿದ್ದೆ. ಮಾರನೆಯ ದಿನ ಪಕ್ಕದ ಮನೆಯವರಿಗೆ ಹೇಳುವಾಗ ಅದು ಎಷ್ಟು ನುಣ್ಣಗಾಗಿತ್ತೆಂದರೆ ನನಗೇ ನಂಬಿಕೆ ಬಂದಿತ್ತು.

ರಜೆ ಮುಗಿಯುತ್ತ ಬಂತು. ಮಂಡಳಿಯಿಂದ ಉಸಿರಿಲ್ಲ. ಸೊಸೆ ಮನೆಯಲ್ಲಿ ನಗುತ್ತಲೇ ಓಡಾಡುತ್ತಿದ್ದಳು. ಆದರೆ ಫೋನು ಸದ್ದು ಮಾಡಿದಾಗಲೆಲ್ಲ ಅವಳ ಕೈಯಲ್ಲಿದ್ದುದು ಕೆಳಗೆ ಬೀಳುತ್ತಿತ್ತು. ಎರಡು ತಟ್ಟೆ ಒಡೆದವು. ನಾನು ಒಡೆದಿದ್ದರೆ ಮನೆಯಲ್ಲಿ ಮಹಾಯುದ್ಧವಾಗುತ್ತಿತ್ತು. ನನ್ನವಳು ತುಟಿಪಿಟಕ್ಕೆನ್ನದೆ ಚೂರು ಗುಡಿಸಿದಳು, ಗುಡಿಸುತ್ತ ನನ್ನನ್ನು ನೋಡಿದಳು. ತಟ್ಟೆ ಒಡೆದವನು ಯಾರೆಂದು ನನಗೆ ತಿಳಿಯಿತು.

ಒಂದು ಬೆಳಿಗ್ಗೆ ಕೊನೆಗೂ ಆ ಕರೆ ಬಂತು. ಸೊಸೆಯ ಕೈಯೆಲ್ಲ ಹಿಟ್ಟು. ಫೋನನ್ನು ಮೇಜಿನ ಮೇಲಿಟ್ಟು, ದೊಡ್ಡದಾಗಿ ಕೇಳಿಸುವಂತೆ ಗುಂಡಿ ಒತ್ತಿದಳು. ಮಂಡಳಿಯ ಅಧಿಕಾರಿ, ಹೆಂಗಸು, ಬಿಗಿಯಾದ ದನಿ.

"ನಿಮ್ಮ ಪಾಠ ನೋಡಿದ್ವಿ. ಒಂದು ತೊಡಕಿದೆ. ಹಿಂದುಗಡೆ ಒಬ್ಬರು ದೊಡ್ಡವರು ಉತ್ತರ ಹೇಳಿದ್ದಾರೆ. ಯಾರದು?"

"ನಮ್ಮ ಮಾವ ಮೇಡಂ," ಎಂದಳು ಸೊಸೆ. ಸುಳ್ಳು ಅವಳ ನಾಲಿಗೆಗೆ ಬಾರದು.

"ದೊಡ್ಡವರು ನೆರವಾದ್ರೆ ಪಾಠ ರದ್ದು. ನಿಯಮ ಗೊತ್ತಲ್ಲ?"

"ಗೊತ್ತು ಮೇಡಂ." ಹಿಟ್ಟಿನ ಕೈ ಗಾಳಿಯಲ್ಲೇ ನಿಂತಿತ್ತು.

ನನಗೆ ತಡೆಯಲಾಗಲಿಲ್ಲ. ಮೇಜಿಗೆ ಬಗ್ಗಿ, "ತಾಯೀ, ತಪ್ಪೆಲ್ಲ ನಂದು! ಆ ಹುಡುಗಿಯದೇನೂ ಇಲ್ಲ!" ಎಂದೆ.

ಆ ಕಡೆ ಕುರ್ಚಿಗಳು ಸರಿದ ಸದ್ದು. "ಅದೇ ದನಿ! ಬನ್ನಿ ಬನ್ನಿ, ಅವರೇ ಮಾತಾಡ್ತಿದ್ದಾರೆ!" ಎಂದು ಯಾರೋ ಪಿಸುಗುಟ್ಟಿದರು. ಇಡೀ ಕಚೇರಿ ಫೋನಿನ ಸುತ್ತ ನೆರೆದಂತಿತ್ತು.

"ಯಜಮಾನರೇ," ಎಂದರು ಅಧಿಕಾರಿ, "ನಿಮ್ಮನ್ನೇ ಒಂದು ಮಾತು ಕೇಳಬೇಕು. ಇದರ ಮೇಲೆಯೇ ಎಲ್ಲಾ ನಿಂತಿದೆ. ಮಂಡಳಿಯಲ್ಲಿ ಎರಡು ಮಾತಾಗಿದೆ. ನೀವು ಬೇಕಂತಲೇ ತಪ್ಪು ಉತ್ತರ ಹೇಳಿದ್ರಿ, ಸೊಸೆ ಜೊತೆ ಮೊದಲೇ ಮಾತಾಡಿಕೊಂಡು ಆಡಿದ ನಾಟಕ ಅದು ಅಂತ ಕೆಲವರು ಹೇಳ್ತಾರೆ. ನಾಟಕ ಆಗಿದ್ರೆ ಪಾಠ ರದ್ದು. ನಿಜವಾಗ್ಲೂ ಗೊತ್ತಿಲ್ಲದೆ ಹೇಳಿದ್ರೆ ಅದು ಬೇರೆ. ತಪ್ಪು ಉತ್ತರದಿಂದ ಮಕ್ಕಳಿಗೆ ಯಾವ ನೆರವೂ ಆಗಿಲ್ಲವಲ್ಲ. ಆಗ ನೀವೂ ಒಬ್ಬ ವಿದ್ಯಾರ್ಥಿ ಅಂತಲೇ ಲೆಕ್ಕ. ಹೇಳಿ, ನಿಮಗೆ ಉತ್ತರ ಗೊತ್ತಿತ್ತಾ?"

ಸ್ವಾಮಿ, ಆ ಅಡುಗೆಮನೆಯನ್ನು ನೀವು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಮುಂದೆ ಹಿಟ್ಟಿನ ಕೈಯ ಸೊಸೆ. ಪಕ್ಕದಲ್ಲಿ ಚಹಾ ಕುಡಿಯುವುದನ್ನು ನಿಲ್ಲಿಸಿದ ಮಗ. ಹಿಂದೆ, ನನ್ನ ಕುತ್ತಿಗೆಗೆ ಬಿಸಿಯುಸಿರು ತಾಗುವಷ್ಟು ಹತ್ತಿರ, ಹೆಂಡತಿ. ಕಿಟಕಿಯಾಚೆ ಬಟ್ಟೆ ಒಣಹಾಕುವ ನೆಪದಲ್ಲಿ ಪಕ್ಕದ ಮನೆಯಾಕೆ, ಒಂದೇ ಅಂಗಿಯನ್ನು ಎಷ್ಟೋ ಹೊತ್ತಿನಿಂದ ಕೊಡವುತ್ತ. 'ಬೇಕಂತಲೇ' ಎಂದರೆ ನನ್ನ ಮಾನ ಉಳಿಯುತ್ತದೆ, ಅವಳ ತರಗತಿ ಹೋಗುತ್ತದೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆಗೆ ಉತ್ತರಿಸುವ ಮೊದಲು ನಾನು ಉಸಿರೆಳೆದು ಬಿಟ್ಟೆ.

"ಗೊತ್ತಿರಲಿಲ್ಲ ತಾಯಿ."

"ಸ್ವಲ್ಪ ಜೋರಾಗಿ ಹೇಳಿ, ಬರ್ಕೊಳ್ತಿದ್ದೀವಿ."

"ಗೊತ್ತಿರಲಿಲ್ಲ! ಹಗ್ಗ ಅಷ್ಟೇ ಇದ್ರೆ ಜಾಗಾನೂ ಅಷ್ಟೇ ಅಂತಲೇ ಇಷ್ಟು ವರ್ಷ ನಂಬಿದ್ದೆ! ನನ್ನ ಕೋಳಿಗೂಡನ್ನೂ ಹಾಗೇ ಕಟ್ಟಿದ್ದೆ! ಸಾಕಾ?"

"ಕೋಳಿಗಳು ಸಾಕ್ಷಿ ಹೇಳ್ತಾವೆ ಮೇಡಂ," ಎಂದು ನನ್ನವಳು ನನ್ನ ಹೆಗಲ ಮೇಲಿಂದ ಫೋನಿಗೆ ಸೇರಿಸಿದಳು. ಜೀವನಪೂರ್ತಿ ನನ್ನ ಮಾತನ್ನು ಅವಳು ಅನುಮೋದಿಸಿದ್ದು ಅದೊಂದೇ ಸಲ.

ಆ ಕಡೆ ನಗುವಿನ ಅಲೆ ಎದ್ದು ಇಳಿಯುವವರೆಗೆ ಕಾದೆವು. ಆಮೇಲೆ ಅಧಿಕಾರಿಯ ದನಿ ಮೆತ್ತಗಾಗಿತ್ತು. "ಅಭಿನಂದನೆ ಮೇಡಂ. ನಿಮ್ಮ ಪ್ರಮಾಣಪತ್ರ ಈ ವಾರವೇ ಬರುತ್ತೆ. ತರಗತಿಯ ಅತ್ಯಂತ ಕಷ್ಟದ ವಿದ್ಯಾರ್ಥಿಯನ್ನ ಅವಮಾನಿಸದೆ, ಬೈಯದೆ, ಅವನ ಬಾಯಿಂದಲೇ ತಪ್ಪು ಒಪ್ಪಿಸಿದ ಇಂಥ ಪಾಠ ನಾವು ನೋಡಿರಲಿಲ್ಲ."

ಸೊಸೆ ಹಿಟ್ಟಿನ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಮಾವಾ, ನಿಮ್ಮಿಂದಲೇ ಆಗಿದ್ದು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಯಾವುದನ್ನು ನಂಬಬೇಕೋ ತಿಳಿಯದೆ ನಾನು ಎರಡನ್ನೂ ನಂಬಿದೆ. ನನ್ನ ಉತ್ತರ ಸರಿಯಾಗಿದ್ದಿದ್ದರೆ ಅವಳ ಕೆಲಸ ಹೋಗುತ್ತಿತ್ತು ಎಂಬುದು ನಿಜವೇ ತಾನೆ? ಓದಿದವರು ಎಷ್ಟೋ ಜನ ಇದ್ದಾರೆ. ತಮ್ಮ ಅಜ್ಞಾನದಿಂದ ಮನೆಗೆ ಒಂದು ಸರ್ಕಾರಿ ನೌಕರಿ ತಂದುಕೊಟ್ಟವರು ಎಷ್ಟು ಜನ ಸಿಗುತ್ತಾರೆ? ಈ ವಾದವನ್ನು ಬೀದಿಯುದ್ದಕ್ಕೂ ಮಂಡಿಸಿ ಬಂದೆ. ಮೀಸೆ ತನ್ನ ಹಿಂದಿನ ಎತ್ತರಕ್ಕೆ ಮರಳಿತು.

ಕೆಲವು ವಾರ ಕಳೆದ ಮೇಲೆ ಅದೇ ಅಧಿಕಾರಿ ಮತ್ತೆ ಕರೆ ಮಾಡಿದರು. ಹೊಸದಾಗಿ ಮೇಷ್ಟ್ರಾಗಲು ತರಬೇತಿ ಪಡೆಯುವವರಿಗೆ ಆ ಪಾಠ ತೋರಿಸುತ್ತಿದ್ದಾರಂತೆ. ರಾಜ್ಯದ ಎಲ್ಲ ತರಬೇತಿ ಕೇಂದ್ರಗಳಲ್ಲೂ ನನ್ನ ದನಿ ಮತ್ತು ಕೋಟಿನ ಗುಂಡಿ ಪ್ರಸಿದ್ಧವಂತೆ. ತಾವು ದಯಮಾಡಿಸಿದರೆ ಕೇಂದ್ರಕ್ಕೆ ಬಹಳ ಉಪಕಾರವಾಗುತ್ತದೆ ಎಂದರು. ನೋಡಿ, ಗುಣಕ್ಕೆ ಬೆಲೆ ಬಂದೇ ಬರುತ್ತದೆ! ಹೋಗುವ ಮುನ್ನ ತಯಾರಿ ಬೇಡವೇ? ಇನ್ನೊಮ್ಮೆ ಬಾಯಿ ಸುಟ್ಟುಕೊಳ್ಳುವ ಪೈಕಿ ನಾನಲ್ಲ. ಸೊಸೆಯನ್ನು ಕಾಡಿ ಬೇಡಿ ಲೆಕ್ಕದ ಪುಸ್ತಕವನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಅರೆದು ಕುಡಿದೆ. ಅರ್ಥವಾಗದ್ದನ್ನು ಅವಳು ಕಾದು, ಕೇಳಿ, ಮತ್ತೆ ಕಾದು ಹೇಳಿಕೊಟ್ಟಳು. ಕೈ ಎತ್ತುವುದನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.

ಕೇಂದ್ರದಲ್ಲಿ ನನಗಾಗಿ ವೇದಿಕೆ, ಮೈಕು, ಹೂಗುಚ್ಛ ಇರಬಹುದೆಂದು ಭಾಷಣ ಸಿದ್ಧಪಡಿಸಿಕೊಂಡು ಹೋದರೆ, ಅಧಿಕಾರಿ ನನ್ನನ್ನು ಮೊಣಕಾಲು ಗಲ್ಲಕ್ಕೆ ತಾಗುವಂಥ ಒಂದು ಪುಟಾಣಿ ಬೆಂಚಿನ ಮೇಲೆ, ಕಡೆಯ ಸಾಲಿನಲ್ಲಿ ಕೂರಿಸಿದರು. "ಈ ಹೊಸ ಮೇಷ್ಟ್ರುಗಳಿಗೆ ನಿಮ್ಮಂಥ ಮಗುವನ್ನ ನಿಭಾಯಿಸೋ ಅಭ್ಯಾಸ ಬೇಕು. ನೀವು ನೀವಾಗೇ ಇರಿ, ಅಷ್ಟು ಸಾಕು" ಎಂದರು. ಮುಂದೆ ಒಬ್ಬ ಸಣಕಲು ತರುಣ ಸೀಮೆಸುಣ್ಣ ಹಿಡಿದು ನಿಂತಿದ್ದ.

"ಒಂದು ಚೌಕ ಇದೆ. ಅದರ ನಾಲ್ಕೂ ಬದಿಗಳನ್ನ ಎರಡರಷ್ಟು ಉದ್ದ ಮಾಡಿದ್ರೆ ಒಳಗಿನ ಜಾಗ ಎಷ್ಟರಷ್ಟು ಆಗುತ್ತೆ?"

ಕೇಳಿ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ಶಾಂತವಾಗಿ ಉಸಿರೆಳೆದೆ, ಬಿಟ್ಟೆ. ಕೈ ಎತ್ತಿದೆ. ಅಪ್ಪಣೆಯಾದ ಮೇಲೆ ಎದ್ದು ನಿಂತು, "ನಾಲ್ಕರಷ್ಟು ಸಾರ್" ಎಂದೆ. ಬೋರ್ಡಿಗೆ ಹೋಗಿ ಚಿತ್ರ ಬರೆದು ಕಾರಣವನ್ನೂ ತೋರಿಸಿದೆ. ತರುಣ ಬೆವರೊರೆಸಿಕೊಂಡ. ಅವನ ಬಳಿ ಇದ್ದ ತಯಾರಿಯೆಲ್ಲ ತಪ್ಪು ಉತ್ತರಕ್ಕೆ ಮಾಡಿದ್ದು. ಹಾಳೆ ಆ ಕಡೆ ಈ ಕಡೆ ತಿರುವಿ, "ಮತ್ತೆ... ಏನು ಮಾಡ್ಲಿ ಮೇಡಂ?" ಎಂದು ಅಧಿಕಾರಿಯನ್ನು ಕೇಳಿದ.

ಅಧಿಕಾರಿ ನನ್ನನ್ನು ಮೆಲ್ಲಗೆ ಹೊರಗೆ ಕರೆದರು.

"ಯಜಮಾನರೇ, ಇದೆಲ್ಲ ಯಾರು ಹೇಳಿಕೊಟ್ರು?"

"ನನ್ನ ಸೊಸೆ," ಎಂದೆ ಹೆಮ್ಮೆಯಿಂದ.

"ಅವರು ಒಳ್ಳೆ ಮೇಡಂ, ನಮಗೇ ಗೊತ್ತು. ಆದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದುಬಿಟ್ರು. ಸರಿ ಉತ್ತರ ಹೇಳೋರು ಊರ ತುಂಬಾ ಸಿಗ್ತಾರೆ. ಅಷ್ಟು ಧೈರ್ಯವಾಗಿ ತಪ್ಪು ಹೇಳೋರು ಇಡೀ ರಾಜ್ಯದಲ್ಲಿ ನೀವೊಬ್ಬರೇ ಇದ್ರಿ. ಮುಂದಿನ ವಾರ ಬನ್ನಿ, ಖಂಡಿತ ಬನ್ನಿ. ಆದ್ರೆ ದಯವಿಟ್ಟು ಏನೂ ಓದಿಕೊಳ್ಳದೆ ಬನ್ನಿ."

ಈಗ ಮನೆಯ ಲೆಕ್ಕದ ಪುಸ್ತಕಗಳೆಲ್ಲ ಕಪಾಟಿನ ನೆತ್ತಿಯ ಮೇಲೆ ಕೂತಿವೆ, ನನ್ನ ಕೈಗೆ ಎಟುಕದಂತೆ. ಎಲ್ಲರೂ ಹೊರಗೆ ಹೋದಾಗ ಸ್ಟೂಲು ಹಾಕಿ ಒಂದನ್ನು ಇಳಿಸಿಕೊಂಡು, ಹಿತ್ತಲಿನಲ್ಲಿ ಬೆನ್ನು ತಿರುಗಿಸಿ ಕೂತು ಭಿನ್ನರಾಶಿಯ ಪಾಠ ತೆರೆಯುತ್ತೇನೆ. ಎರಡು ಪುಟ ಮುಗಿಯುವುದರೊಳಗೆ ನನ್ನವಳ ದನಿ ಬೀದಿಯವರೆಗೂ ಕೇಳಿಸುತ್ತದೆ.

"ಅಯ್ಯೋ, ಮತ್ತೆ ಓದ್ತಾ ಕೂತ್ರಾ! ಈ ವಯಸ್ಸಲ್ಲಿ ಸಿಕ್ಕಿದ ಒಂದು ಕೆಲಸಾನೂ ಕಳ್ಕೋಬೇಕು ಅಂತಿದೀರಾ?"